ಸ್ಪಿನ್‌ನಿಂದ ಹೊರಬರುವುದನ್ನು ನಾನು ಕಲಿತ ಬಗೆ

ಕಲಬುರಗಿಯಲ್ಲಿ ವಿಮಾನ ಚಾಲನೆ ಕಲಿಯುವಾಗ ಸ್ಪಿನ್ (ರೆಕ್ಕೆಗಳು ಎತ್ತುವ ಬಲ ಕಳೆದುಕೊಂಡು ವಿಮಾನ ಗಿರಗಿರನೆ ತಿರುಗುತ್ತ ಬೀಳುವುದು) ಪಾಠಕ್ಕೆ ನಸುಕಿನ ಹೊತ್ತನ್ನೇ ಆರಿಸಿಕೊಳ್ಳುತ್ತಿದ್ದೆವು. ಬಿಸಿಲೇರಿದಂತೆ ಗಾಳಿ ತೆಳುವಾಗಿ ಸೆಸ್ನಾ 172ರಂಥ ಹಗುರ ವಿಮಾನ ಮೇಲೇರಲು ಏದುಸಿರು ಬಿಡುತ್ತದೆ. ಈ ಪಾಠಕ್ಕೆ ಬೇಕಾದದ್ದಾದರೋ ಎತ್ತರವೇ. ಒಂದು ಸುತ್ತು ತಿರುಗಿ ಚೇತರಿಸಿಕೊಳ್ಳುವಷ್ಟರಲ್ಲಿ ಸುಮಾರು 1,000 ಅಡಿ ಕರಗಿಹೋಗುತ್ತದೆ, ಚೇತರಿಕೆಯೆಲ್ಲ ನೆಲದಿಂದ 4,000 ಅಡಿಗಿಂತ ಸಾಕಷ್ಟು ಮೇಲೆಯೇ ಮುಗಿಯಬೇಕು. ಇಲ್ಲಿಯ ನೆಲವೇ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿರುವುದರಿಂದ, ಸಮುದ್ರಮಟ್ಟದಿಂದ ಎತ್ತರ ತೋರುವ ಆಲ್ಟಿಮೀಟರ್ 7,500 ಅಡಿ ತೋರಿಸುವ ತನಕ ನಾವು ಶುರು ಮಾಡುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಯಾರೂ ಇರುತ್ತಿರಲಿಲ್ಲ, ಸಾಮಾನೂ ಇರುತ್ತಿರಲಿಲ್ಲ. ಭಾರ ಹಿಂದಕ್ಕೆ ಸರಿದಷ್ಟೂ ಸ್ಪಿನ್ ಚಪ್ಪಟೆಯಾಗಿ ಬಿಡಿಸಿಕೊಳ್ಳುವುದು ಕಷ್ಟವಾಗುತ್ತದೆ.

ಹಾರುವ ಮುನ್ನ ನಿಂತ ವಿಮಾನದಲ್ಲೇ ಕುಳಿತು, "ಪವರ್ ತೆಗಿ, ಕೈ ನೆಟ್ಟಗಿಡು, ಎದುರು ಕಾಲು ಒತ್ತು, ಮುಂದಕ್ಕ ತಳ್ಳು" ಎಂದು ನಮ್ಮ ಮಾತಿನಲ್ಲೇ ಬಾಯಿಬಿಟ್ಟು ಹೇಳಿಕೊಳ್ಳುತ್ತ ಕೈಕಾಲು ಆಡಿಸುತ್ತಿದ್ದೆ. ನೋಡಿದವರು ನಕ್ಕರೆ ನಗಲಿ, ಮೇಲೆ ಯೋಚಿಸಲು ಪುರುಸೊತ್ತಿರುವುದಿಲ್ಲ.

ಥ್ರಾಟಲ್ (ಎಂಜಿನ್ ಪವರ್‌ನ ಹಿಡಿ) ಇಳಿಸಿ, ಮೂಗೆತ್ತಿ, ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಹತ್ತಿರವಾಯಿತೆಂದು ಎಚ್ಚರಿಸುವ ಹಾರ್ನ್ ಕೂಗುತ್ತಿರುವಂತೆಯೇ ಎಡ ರಡ್ಡರ್ (ಮೂಗನ್ನು ಎಡಕ್ಕೋ ಬಲಕ್ಕೋ ಹೊರಳಿಸುವ ಕಾಲ ಪೆಡಲ್) ಪೂರ್ತಿ ಒತ್ತಿದರೆ ಎಡ ರೆಕ್ಕೆ ಕುಸಿಯುತ್ತದೆ, ಮರುಕ್ಷಣ ಗಾಜಿನ ತುಂಬ ತೊಗರಿ ಹೊಲಗಳು ಗಿರ್ರನೆ ತಿರುಗತೊಡಗುತ್ತವೆ. ಕುಸಿದ ರೆಕ್ಕೆಯನ್ನು, ರೆಕ್ಕೆಯಂಚಿನ ಆಡುವ ಪಟ್ಟಿಯಾದ ಏಲೆರಾನ್‌ನಿಂದ ಎತ್ತಲು ಕೈ ತಾನಾಗಿ ಹೊರಳುತ್ತದೆ. ಆ ರೆಕ್ಕೆ ಆಗಲೇ ಸ್ಟಾಲ್ ಆಗಿರುವುದರಿಂದ ಹಾಗೆ ಎತ್ತಹೋಗುವುದು ಸ್ಪಿನ್ ಅನ್ನು ಬಿಗಿಗೊಳಿಸಬಲ್ಲದು. ಹಾಗಾಗಿ ಕೈಯಲ್ಲಿ ಹಿಡಿಯುವ ಚಾಲನಾ ಚಕ್ರವಾದ ಯೋಕ್ ಅನ್ನು ಮುಷ್ಟಿ ಕಟ್ಟಿ ಹಿಡಿಯದೆ ಬೆರಳ ತುದಿಯಲ್ಲಿ ನೆಟ್ಟಗಿಟ್ಟು, ಬಲ ರಡ್ಡರ್ ಕೊನೆಮುಟ್ಟ ಒತ್ತಿ, ಆಮೇಲೆಯೇ ಯೋಕ್ ಅನ್ನು ಚುರುಕಾಗಿ ಮುಂದಕ್ಕೆ ತಳ್ಳುತ್ತಿದ್ದೆ. ತಿರುಗುವುದು ನಿಂತ ಕೂಡಲೇ ರಡ್ಡರ್ ನಡುವಿಗೆ ತಂದು ಮೂಗನ್ನು ಮೆಲ್ಲಗೆ ಎತ್ತಬೇಕು. ವೇಗದ ಮುಳ್ಳಿನ ಮೇಲೂ ಕಣ್ಣಿರಬೇಕು: ಅದು ತಗ್ಗಿನಲ್ಲೇ ನಿಂತಿದ್ದರೆ ಸ್ಪಿನ್, ಸರಸರನೆ ಏರುತ್ತಿದ್ದರೆ ಸ್ಪೈರಲ್ (ಸ್ಟಾಲ್ ಆಗದೆಯೇ ಸುರುಳಿಯಾಗಿ ಧುಮುಕುವುದು). ಸ್ಪೈರಲ್ ಆದರೆ ಪವರ್ ತೆಗೆದು, ಮೊದಲು ರೆಕ್ಕೆಗಳನ್ನು ಸಮಮಾಡಿ, ಬಳಿಕವೇ ಮೂಗೆತ್ತಬೇಕು.

ಇಷ್ಟೆಲ್ಲ ಕಲಿತರೂ, ನನ್ನ ಅಭಿಪ್ರಾಯದಲ್ಲಿ, ಇದು ನಿಜಕ್ಕೂ ಬೇಕಾಗುವ ಜಾಗದಲ್ಲಿ ಉಪಯೋಗಕ್ಕೇ ಬರುವುದಿಲ್ಲ. ರನ್‌ವೇ ಕಡೆಗಿನ ಕೊನೆಯ ತಿರುವಿನಲ್ಲಿ ನೆಲ ಕೆಲವೇ ನೂರು ಅಡಿ ಕೆಳಗಿರುತ್ತದೆ. ರನ್‌ವೇಯ ನೇರ ಗೆರೆ ದಾಟಿತೆಂದು ರಡ್ಡರ್‌ನಿಂದ ಮೂಗನ್ನು ಎಳೆದು ಜೊತೆಗೆ ಯೋಕ್ ಅನ್ನೂ ಹಿಂದಕ್ಕೆ ಜಗ್ಗಿದರೆ ಒಳಬದಿಯ ರೆಕ್ಕೆ ಮೊದಲು ಸ್ಟಾಲ್ ಆಗುತ್ತದೆ. 45 ಡಿಗ್ರಿ ವಾಲಿ ಎತ್ತರ ಕಾಯ್ದುಕೊಂಡರೆ ಸ್ಟಾಲ್ ವೇಗ ಸುಮಾರು ಶೇ. 19ರಷ್ಟು ಹೆಚ್ಚುತ್ತದೆ. ಅದಕ್ಕಾಗಿ ಅಲ್ಲಿ 30 ಡಿಗ್ರಿಗಿಂತ ವಾಲಿಸದಿರುವುದನ್ನು ನಿಯಮ ಮಾಡಿಕೊಂಡಿದ್ದೇನೆ. ಗೆರೆ ತಪ್ಪಿದರೆ ಪವರ್ ಕೊಟ್ಟು, ಮೇಲೇರಿ, ಇನ್ನೊಂದು ಸುತ್ತು ಹಾಕಿ ಬರುತ್ತೇನೆ.