ಮ್ಯೂನಿಕ್‌ಗೆ ಹೊಸಬರೇ? ಆಕ್ಟೋಬರ್‌ಫೆಸ್ಟ್‌ಗೆ ಹಗಲಲ್ಲಿ ಹೋಗಿ

ಸೆಪ್ಟೆಂಬರ್‌ನಲ್ಲಿ ಇಲ್ಲಿನ ದೊಡ್ಡ ಬಿಯರ್ ಹಬ್ಬ ಆಕ್ಟೋಬರ್‌ಫೆಸ್ಟ್ ಬಂದರೆ ಹೊಸದಾಗಿ ಬಂದ ಕನ್ನಡದವರು ಕೇಳುವುದು ಒಂದೇ: "ನಾವು ಕುಡಿಯಲ್ಲ, ಮಾಂಸ ತಿನ್ನಲ್ಲ, ಅಲ್ಲಿ ಹೋಗಿ ಏನ್ ಮಾಡೋದು?" ಖಂಡಿತ ಹೋಗಿ. ಶನಿವಾರ ಸಂಜೆ ಮಾತ್ರ ಬೇಡ. ವಾರದ ದಿನ ಮಧ್ಯಾಹ್ನ ಹೋಗಿ.

ಈ ಹಬ್ಬ ಹುಟ್ಟಿದ್ದು ಒಂದು ಮದುವೆಯಿಂದ. 1810ರ ಅಕ್ಟೋಬರ್‌ನಲ್ಲಿ ಬವೇರಿಯಾದ ಯುವರಾಜ ಲುಡ್ವಿಗ್ ಮತ್ತು ತೆರೇಸಾ ಮದುವೆಯಾದಾಗ ಊರಾಚೆಯ ಬಯಲಲ್ಲಿ ಕುದುರೆ ಓಟ ಇಟ್ಟಿದ್ದರು. ಬಯಲಿಗೆ ಮದುಮಗಳ ಹೆಸರೇ ಬಂತು, ಟೆರೇಸಿಯನ್‌ವೀಸೆ. ಊರಿನವರ ಬಾಯಲ್ಲಿ ಹಬ್ಬದ ಹೆಸರು ವೀಸ್ನ್. ಹಬ್ಬದ ಮೊದಲ ಶನಿವಾರ ಮಧ್ಯಾಹ್ನ 12ಕ್ಕೆ ಮೇಯರ್ ಪೀಪಾಯಿಗೆ ನಲ್ಲಿ ಹೊಡೆದು "ಓ'ಟ್ಸಾಪ್ಟ್ ಇಸ್" (ನಲ್ಲಿ ಹಾಕಾಯಿತು) ಎಂದು ಕೂಗುತ್ತಾರೆ. ಆಮೇಲೇ ಬಿಯರ್.

ಒಳಗೆ ಹೋಗಲು ಟಿಕೆಟ್ ಇಲ್ಲ. ಹಗಲಲ್ಲಾದರೆ ಬುಕಿಂಗ್ ಇಲ್ಲದೆಯೂ ಡೇರೆಗಳಲ್ಲಿ ಜಾಗ ಸಿಗುತ್ತದೆ. ಉದ್ದನೆಯ ಬೆಂಚು, ಪಕ್ಕದಲ್ಲಿ ಗುರುತಿಲ್ಲದ ಜನ. "ಇಸ್ಟ್ ಹೀರ್ ನೋಖ್ ಫ್ರೈ?" (ಇಲ್ಲಿ ಜಾಗ ಇದೆಯಾ?) ಎಂದು ಕೇಳಿ ಕೂತುಬಿಡಿ. ನಿಂತವರಿಗೆ ಕುಡಿಯಲು ಕೊಡುವುದಿಲ್ಲ. ಸಂಜೆ 6ರವರೆಗೆ ವಾದ್ಯದವರು ಹಳೆಯ ಧಾಟಿಗಳನ್ನು ಮೆಲ್ಲಗೆ ನುಡಿಸುತ್ತಾರೆ, ಪಕ್ಕದವರ ಜೊತೆ ಮಾತಾಡಬಹುದು. ನನ್ನ ಪ್ರಕಾರ ವೀಸ್ನ್‌ನ ನಿಜವಾದ ಸುಖ ಇರುವುದೇ ಇಲ್ಲಿ. ಪಕ್ಕದವರು "ಪ್ರೋಸ್ಟ್" (ಚಿಯರ್ಸ್) ಎಂದು ಒಂದು ಲೀಟರಿನ ಮಗ್ ಎತ್ತಿದಾಗ ನಿಮ್ಮ ಸೇಬಿನ ರಸದ ಸೋಡಾ ಎತ್ತಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ. ಆ ಮಗ್ ಮನೆಗೆ ಒಯ್ದರೆ ಮಾತ್ರ ಅದು ಕಳ್ಳತನ.

ಸಸ್ಯಾಹಾರಿಗಳಿಗೆ ಕೇಸೆಶ್ಪೆಟ್ಸ್‌ಲೆ ಇದೆ, ಚೀಸ್ ಹಾಕಿದ ನೂಡಲ್ಸ್. ಅದರಲ್ಲಿ ಮೊಟ್ಟೆ ಇರುತ್ತದೆ. ಬೇಡದವರು ದೊಡ್ಡ ಬ್ರೆಟ್ಸೆಲ್ (ಗಂಟಿನಾಕಾರದ ಬ್ರೆಡ್), ಸಕ್ಕರೆ ಹಾಕಿ ಹುರಿದ ಬಾದಾಮಿ ತಿನ್ನಿ.

ಬಟ್ಟೆಗೆ ಕಟ್ಟುಪಾಡಿಲ್ಲ. ಇಲ್ಲಿನ ಹೆಂಗಸರ ಸಾಂಪ್ರದಾಯಿಕ ಉಡುಪು ಡಿರ್ನ್‌ಡಲ್ ಹಾಕುವುದಾದರೆ ಏಪ್ರನ್ನಿನ ಗಂಟು ನೋಡಿಕೊಳ್ಳಿ: ಮದುವೆಯಾದವರು ತಮ್ಮ ಬಲಕ್ಕೆ, ಆಗದವರು ಎಡಕ್ಕೆ ಕಟ್ಟುವುದು ರೂಢಿ. ಅಗ್ಗದ ವೇಷ ಕೊಳ್ಳಬೇಡಿ, ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಒಳ್ಳೆಯದೇ ಸಿಗುತ್ತದೆ.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಮೊದಲ ಭಾನುವಾರ ಬೆಳಗ್ಗೆ ಮೆರವಣಿಗೆಗೆ ಕರೆದುಕೊಂಡು ಹೋಗಿ. ಜಂಬೂಸವಾರಿಗೆ ನಿಲ್ಲುವ ಹಾಗೆ ಜನ ರಸ್ತೆ ಬದಿ ನಿಲ್ಲುತ್ತಾರೆ. ತಮ್ಮ ತಮ್ಮ ಊರಿನ ಉಡುಪು ತೊಟ್ಟ ಸಾವಿರಾರು ಮಂದಿ, ವಾದ್ಯಗಳು, ಅಲಂಕರಿಸಿದ ಕುದುರೆ ಗಾಡಿಗಳು. ನೋಡಲೇಬೇಕು! ಬಯಲಿನ ದಕ್ಷಿಣ ಭಾಗದಲ್ಲಿ 'ಓಯ್ಡೆ ವೀಸ್ನ್', ಅಂದರೆ ಹಳೆಯ ವೀಸ್ನ್ ಇದೆ: ಹಳೆಯ ಕಾಲದ ತಿರುಗುವ ಆಟಗಳು, ಜನಪದ ಕುಣಿತ. ಅದಕ್ಕೆ ಸಣ್ಣ ಪ್ರವೇಶ ಶುಲ್ಕ ಉಂಟು. ಕೃಷಿ ಮೇಳ ನಡೆಯುವ ವರ್ಷ ಮಾತ್ರ ಅದು ಇರುವುದಿಲ್ಲ.

ಮಕ್ಕಳಿದ್ದರೆ ಮಂಗಳವಾರ ಒಳ್ಳೆಯದು, ಆಟಗಳಿಗೆ ರಿಯಾಯಿತಿ ಇರುತ್ತದೆ. ಆರು ವರ್ಷದೊಳಗಿನವರು ರಾತ್ರಿ 8ರ ನಂತರ ಡೇರೆಯಲ್ಲಿ ಇರುವಂತಿಲ್ಲ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಟೆರೇಸಿಯನ್‌ವೀಸೆ ಮೆಟ್ರೋ ನಿಲ್ದಾಣದಲ್ಲಿ ಜನ ಜಾಸ್ತಿ, ಗೋಯ್ಟೆಪ್ಲಾಟ್ಸ್‌ನಲ್ಲಿ ಇಳಿದು ನಡೆಯಿರಿ.