ನಾವು ಡ್ಯೂಟಿಗೆ, ಚುಕ್ಕಿ ಮನೆಯಲ್ಲಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ನಾಯಿ ಇದೆ ಅಂದರೆ ಎಲ್ಲರೂ ಮೊದಲು ಕೇಳುವುದು, "ಹಗಲು ಯಾರು ನೋಡ್ಕೋತಾರೆ?" ಕೇಳಬೇಕಾದ ಪ್ರಶ್ನೆಯೇ. ನನ್ನ ಆಫೀಸು ಫೋರ್ಟ್‌ನಲ್ಲಿ, ನಮ್ಮವರದು ಐರೋಳಿಯಲ್ಲಿ. ಫಾಸ್ಟ್ ಲೋಕಲ್ ರೈಲು ಸಿಕ್ಕರೂ ಫೋರ್ಟ್ ಹತ್ತಿರದ ಸಿಎಸ್‌ಎಂಟಿ ಸ್ಟೇಷನ್ ತಲುಪಲು ನನಗೆ ಒಂದು ಗಂಟೆಗೂ ಮೇಲೆ ಹಿಡಿಯುತ್ತದೆ. ನಮ್ಮವರು ಬಾಗಿಲು ಹಾಕಿ ಹೊರಟ ಮೇಲೆ ಸಂಜೆ ಒಬ್ಬರಾದರೂ ಬರುವ ಹೊತ್ತಿಗೆ ಸುಮಾರು ಒಂಬತ್ತು ಗಂಟೆ ಕಳೆದಿರುತ್ತದೆ. ಅಷ್ಟು ಹೊತ್ತು ಚುಕ್ಕಿ ಒಬ್ಬಳೇ ನೆಮ್ಮದಿಯಿಂದ ಇರುವ ಹಾಗೆ ಮಾಡಿದ್ದು ಹೇಗೆ ಅಂತ ಬರೆಯುತ್ತಿದ್ದೇನೆ.

ಚುಕ್ಕಿ ಬೀದಿಯಲ್ಲಿ ಹುಟ್ಟಿದ ನಮ್ಮ ದೇಶಿ ನಾಯಿ. ಮನೆಗೆ ಬಂದಾಗಲೇ ದೊಡ್ಡವಳು. ಅದು ನಾವು ಬೇಕಂತಲೇ ಮಾಡಿದ ಆಯ್ಕೆ. ಆರೋಗ್ಯವಂತ ದೊಡ್ಡ ನಾಯಿ ಆರರಿಂದ ಎಂಟು ಗಂಟೆ ಮೂತ್ರ ತಡೆದುಕೊಳ್ಳಬಲ್ಲದು. ಮರಿಗೆ ಹೆಚ್ಚುಕಮ್ಮಿ ವಯಸ್ಸು ಎಷ್ಟು ತಿಂಗಳೋ ಅಷ್ಟೇ ಗಂಟೆ. ಮೂರು ತಿಂಗಳ ಮರಿಯನ್ನು ಬೆಳಗ್ಗೆಯಿಂದ ಸಂಜೆವರೆಗೆ ಕೂಡಿಹಾಕುವುದು ಅನ್ಯಾಯ. ಇಬ್ಬರೂ ದುಡಿಯುವವರು ಮರಿ ತರಬೇಡಿ, ಅಡಾಪ್ಷನ್‌ಗೆ ಕಾಯುತ್ತಿರುವ ದೊಡ್ಡ ನಾಯಿಗಳು ಈ ಊರಲ್ಲಿ ಬೇಕಾದಷ್ಟಿವೆ.

ಮೊದಲು ಮಾಡಿದ ಕೆಲಸ, ಹಳೆಯ ಮೊಬೈಲ್ ಒಂದನ್ನು ಫ್ರಿಜ್ ಮೇಲೆ ಇಟ್ಟು ರೆಕಾರ್ಡಿಂಗ್ ಹಾಕಿ ಕೆಳಗೆ ಅಂಗಡಿಗೆ ಹೋಗಿ ಬಂದದ್ದು. ಆ ವೀಡಿಯೊ ನೋಡಿ ಹೊಟ್ಟೆ ಚುರ್ ಅಂದಿತು. ಬಾಗಿಲು ಮುಚ್ಚಿದ ಕೂಡಲೇ ಚುಕ್ಕಿ ಬಾಗಿಲ ಕೆಳಗಿನ ಸಂದಿಗೆ ಮೂಗು ಹಚ್ಚಿ ಮಲಗಿದ್ದಳು. ಲಿಫ್ಟ್ ಸದ್ದಾದಾಗಲೆಲ್ಲ ಎದ್ದು ಬಾಗಿಲು ಕೆರೆಯುತ್ತಿದ್ದಳು, ಮತ್ತೆ ಮಲಗುತ್ತಿದ್ದಳು. ಅವಳು ಮಲಗಿದ್ದ ಜಾಗದಲ್ಲಿ ಟೈಲ್ಸ್ ಮೇಲೆ ಜೊಲ್ಲಿನ ಮಡುವು. ಅವಳಿಗೆ ಪ್ರಾಣವಾದ ಬೇಯಿಸಿದ ಮೊಟ್ಟೆ ತಟ್ಟೆಯಲ್ಲಿ ಹಾಗೇ ಇತ್ತು.

ಆ ಮೊಟ್ಟೆಯನ್ನು ನೋಡಿಯೇ ಮುಂದಿನದೆಲ್ಲ ತೀರ್ಮಾನ ಮಾಡಿದೆವು. ಬೇಜಾರಾದ ನಾಯಿ ಮೊದಲು ತಿಂದು, ಮಲಗಿ, ಗಂಟೆಯ ನಂತರ ಎದ್ದು ಚಪ್ಪಲಿ ಕಡಿಯುತ್ತದೆ. ಹೆದರಿದ ನಾಯಿ ಸಾಮಾನ್ಯವಾಗಿ ತಿನ್ನುವುದೇ ಇಲ್ಲ. ಅದರ ಸಂಕಟ ಹೆಚ್ಚಾಗಿ ನಾವು ಹೋದ ಮೊದಲ ಅರ್ಧ ಗಂಟೆಯೊಳಗೇ ಕಾಣುತ್ತದೆ. ಬೇಜಾರಿಗೆ ಆಟಿಕೆ ಸಾಕು. ಭಯಕ್ಕೆ ಆಟಿಕೆ ಯಾವ ಕೆಲಸಕ್ಕೂ ಬರುವುದಿಲ್ಲ, ನಾವು ಹೋಗುವುದನ್ನೇ ಅಭ್ಯಾಸ ಮಾಡಿಸಬೇಕು.

ಚುಕ್ಕಿಯ ಭಯ ಶುರುವಾಗುತ್ತಿದ್ದದ್ದು ಬಾಗಿಲು ಮುಚ್ಚಿದಾಗ ಅಲ್ಲ, ಅದಕ್ಕೂ ಎಷ್ಟೋ ಮುಂಚೆ. ನಾನು ಟಿಫಿನ್ ಡಬ್ಬಿ ಮುಚ್ಚುವ ಸದ್ದಿಗೆ ಕಿವಿ ಹಿಂದಕ್ಕೆ ಹೋಗುತ್ತಿತ್ತು. ಬೀಗದ ಕೈ ಗೊಂಚಲು ತೆಗೆದರೆ ಬಾಲ ಒಳಕ್ಕೆ. ಹಾಗಾಗಿ ಅಲ್ಲಿಂದಲೇ ಶುರು ಮಾಡಿದೆವು. ಟಿವಿ ನೋಡುತ್ತಾ ಬೀಗದ ಕೈ ಎತ್ತಿ ಅಲ್ಲಾಡಿಸಿ ಮತ್ತೆ ಅಲ್ಲೇ ಇಡುವುದು. ಚಪ್ಪಲಿ ಮೆಟ್ಟಿಕೊಂಡು ಬಂದು ಸೋಫಾ ಮೇಲೆ ಕೂರುವುದು. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಒಗ್ಗರಣೆ ಹಾಕುವುದು. ಕ್ರಮೇಣ ಆ ಸದ್ದುಗಳಿಗೆ ಅವಳು ತಲೆ ಎತ್ತುವುದನ್ನೂ ಬಿಟ್ಟಳು. ಆಮೇಲೆ ಬಾಗಿಲು ತೆರೆದು ಮುಚ್ಚುವುದು. ಹೊರಗೆ ಕಾಲಿಟ್ಟು ಐದು ಸೆಕೆಂಡಿಗೆ ವಾಪಸ್. ಅರ್ಧ ನಿಮಿಷ. ಲಿಫ್ಟ್ ತನಕ ಹೋಗಿ ಗುಂಡಿ ಒತ್ತಿ ವಾಪಸ್. ಮೊಬೈಲಿನಲ್ಲಿ ಅವಳನ್ನು ನೋಡುತ್ತಾ ಇರುತ್ತಿದ್ದೆವು. ಏದುಸಿರು ಬಿಡಲು ಶುರು ಮಾಡುವ ಮೊದಲೇ ಒಳಗೆ ಬರಬೇಕು, ಆ ಗಡಿ ದಾಟಬಾರದು. ಅರ್ಧ ಗಂಟೆ ನೆಮ್ಮದಿಯಾಗಿ ದಾಟಿದ ಮೇಲೆ ಸಮಯ ತಾನಾಗಿ ಬೇಗ ಬೇಗ ಬೆಳೆಯಿತು.

ಇದು ನಡೆಯುವಾಗ ನಾಯಿಯನ್ನು ಇಡೀ ದಿನ ಒಂಟಿಯಾಗಿ ಬಿಟ್ಟರೆ ಸಂಜೆ ಕಲಿಸಿದ್ದೆಲ್ಲ ಮರುದಿನ ಹೊಳೆಗೆ. ನಾವಿಬ್ಬರೂ ರಜೆ ಹಂಚಿಕೊಂಡೆವು, ನಮ್ಮವರು ಸಾಧ್ಯವಾದಷ್ಟು ವರ್ಕ್ ಫ್ರಮ್ ಹೋಮ್ ಮಾಡಿದರು, ಉಳಿದ ದಿನಗಳಿಗೆ ಮುಲುಂಡಿನ ನನ್ನ ನಾದಿನಿ ಬಂದಳು. ಈ ತಯಾರಿ ಇಲ್ಲದೆ ಕೈ ಹಾಕಬೇಡಿ.

ಇಷ್ಟು ಮಾಡಿದರೂ ಸುಧಾರಿಸದ ನಾಯಿಗಳಿರುತ್ತವೆ. ಅವಕ್ಕೆ ವೆಟ್ ಕೊಡುವ ಮಾತ್ರೆಗಳಿವೆ, ಫ್ಲುವಾಕ್ಸೆಟಿನ್, ಕ್ಲೋಮಿಪ್ರಮಿನ್ ಅಂಥವು. ಔಷಧಿಯೂ ತರಬೇತಿಯೂ ಜೊತೆಯಾಗಿ ನಡೆಯಬೇಕು. ಮನುಷ್ಯರ ಮಾತ್ರೆಯನ್ನು ನಾವೇ ಅಂದಾಜಿಗೆ ಕೊಡುವುದು ಮಾತ್ರ ಬೇಡವೇ ಬೇಡ.

ಬಂದು ನೋಡಿದರೆ ಸೋಫಾ ಹರಿದಿದೆ ಅನ್ನಿ. ಬೈಯಬೇಡಿ. "ತಪ್ಪು ಮಾಡಿದೀನಿ ಅಂತ ಅದಕ್ಕೇ ಗೊತ್ತು, ಮುಖ ನೋಡಿ" ಅನ್ನುವವರು ಬಹಳ. ನ್ಯೂಯಾರ್ಕಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ತಪ್ಪಿತಸ್ಥ ಮುಖ ಕಂಡದ್ದು ಮಾಲೀಕರು ಗದರಿಸಿದಾಗ, ನಾಯಿ ನಿಜಕ್ಕೂ ತಪ್ಪು ಮಾಡಿತ್ತೋ ಇಲ್ಲವೋ ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಒಂಟಿಯಾಗಿರಲು ಹೆದರುವ ನಾಯಿಗೆ ನಾವು ಮನೆಗೆ ಬರುವುದೂ ಭಯವಾಗಿಬಿಟ್ಟರೆ ಅದು ಎಲ್ಲಿಗೆ ಹೋಗಬೇಕು?

ಈಗಿನ ದಿನಚರಿ. ಬೆಳಗ್ಗೆ ಐದೂವರೆಗೆ ವಾಕಿಂಗ್, ಅವಸರ ಮಾಡದೆ. ಒಂದೊಂದು ಕಂಬ, ಒಂದೊಂದು ಸ್ಕೂಟರ್ ಚಕ್ರ ಅವಳು ಮೂಸಿ ಮುಗಿಸುವ ತನಕ ನಿಲ್ಲುತ್ತೇನೆ. ಓಡಿಸಿದ್ದಕ್ಕಿಂತ ಮೂಸಲು ಬಿಟ್ಟ ದಿನ ಅವಳು ಚೆನ್ನಾಗಿ ನಿದ್ದೆ ಮಾಡುತ್ತಾಳೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್, ಸದಾ ಕಟ್ಟಿಹಾಕಿದ ಇಲ್ಲವೇ ಕೂಡಿಹಾಕಿದ ನಾಯಿಗೆ ಸಾಕಷ್ಟು ವ್ಯಾಯಾಮ ಕೊಡದಿರುವುದನ್ನೂ ಅಪರಾಧ ಅಂತಲೇ ಎಣಿಸುತ್ತದೆ.

ಹೊರಡುವಾಗ "ಹೋಗ್ಬರ್ತೀನಿ ಚುಕ್ಕಿ" ಅಂತ ಒಂದೇ ಮಾತು, ಮುದ್ದಾಟ ಇಲ್ಲ. ಒಳಗೆ ಟೊಳ್ಳಿರುವ ಗಟ್ಟಿ ರಬ್ಬರ್ ಆಟಿಕೆಗೆ ಹಿಂದಿನ ರಾತ್ರಿಯೇ ಉಪ್ಪಿಲ್ಲದ ಮೊಸರನ್ನ, ಬೇಯಿಸಿದ ಗಜ್ಜರಿ ತುಂಬಿ ಫ್ರೀಜರ್‌ಗೆ ಹಾಕಿರುತ್ತೇನೆ. ಕಲ್ಲಿನಂತಾದ ಅದನ್ನು ನೆಕ್ಕಿ ಮುಗಿಸಲು ಅವಳಿಗೆ ಮುಕ್ಕಾಲು ಗಂಟೆ ಬೇಕು, ಮುಗಿಸಿ ನಿದ್ದೆಗೆ ಜಾರುತ್ತಾಳೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕ್ಲೇಟ್, ಕ್ಸೈಲಿಟಾಲ್ ಅನ್ನುವ ಸಿಹಿಕಾರಕ ಇರುವ ಶುಗರ್‌ಫ್ರೀ ಚ್ಯೂಯಿಂಗ್ ಗಮ್ ನಾಯಿಗೆ ವಿಷ. ಆದ್ದರಿಂದ ನನ್ನ ಹ್ಯಾಂಡ್‌ಬ್ಯಾಗ್ ಸದಾ ಎತ್ತರದ ಮೊಳೆಯ ಮೇಲೆ. ಕಿಟಕಿ ಗ್ರಿಲ್‌ಗೆ ಸಿಕ್ಕಿಕೊಳ್ಳದಿರಲಿ ಅಂತ ಅವಳ ಕುತ್ತಿಗೆಯ ಬೆಲ್ಟ್ ಬಿಚ್ಚಿಟ್ಟು ಹೋಗುತ್ತೇವೆ. ಎರಡು ಕಡೆ ನೀರು, ಫ್ಯಾನ್ ಆನ್. ನಾಯಿ ಮೈ ತಂಪು ಮಾಡಿಕೊಳ್ಳುವುದು ಏದುಸಿರಿನಿಂದ, ಮುಂಬೈಯ ತೇವದ ಸೆಕೆಯಲ್ಲಿ ಅದು ಸುಲಭವಲ್ಲ.

ಆದರೆ ಒಂಬತ್ತು ಗಂಟೆಯನ್ನು ನಡುವೆ ಮುರಿಯದೆ ಇದ್ಯಾವುದೂ ನಿಲ್ಲುತ್ತಿರಲಿಲ್ಲ. ಬೆಳಗ್ಗೆ ಪಾತ್ರೆ ತೊಳೆಯಲು ಬರುತ್ತಿದ್ದ ಮನೆಗೆಲಸದ ಬಾಯಿಯನ್ನು ಮಧ್ಯಾಹ್ನ ಒಂದು ಗಂಟೆಗೆ ಬರುವಂತೆ ಕೇಳಿಕೊಂಡೆವು. ನಾಯಿ ಕೆಲಸಕ್ಕೆ ಬೇರೆಯೇ ಸಂಬಳ, ಪಾತ್ರೆಯ ಸಂಬಳಕ್ಕಿಂತ ಕಡಿಮೆ ಅಲ್ಲ. ಮೊದಲು ಕೆಲವು ದಿನ ನಾನು ಮನೆಯಲ್ಲಿದ್ದಾಗಲೇ ಅವರು ದೂರದಿಂದ ಭಾಕ್ರಿ ಚೂರು ಎಸೆಯುತ್ತಿದ್ದರು, ಆಮೇಲೆ ಕೈಯಿಂದಲೇ ಕೊಟ್ಟರು, ಆಮೇಲೆ ಹಗ್ಗ ಹಿಡಿದರು. ಈಗ ಕೆಳಗೆ ಇಪ್ಪತ್ತು ನಿಮಿಷ ಸುತ್ತಾಡಿಸಿ, ಪಂಜ ಒರೆಸಿ, ನೀರು ಬದಲಿಸಿ ಹೋಗುತ್ತಾರೆ.

ನಮ್ಮ ಹೌಸಿಂಗ್ ಸೊಸೈಟಿಯವರ ಜೊತೆ ಜಗಳಕ್ಕೆ ಹೋಗಲಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಕಾರ ಬಹುಮತ ಇದ್ದರೂ ಸೊಸೈಟಿ ಸಾಕುನಾಯಿಯನ್ನು ನಿಷೇಧಿಸುವ ಹಾಗಿಲ್ಲ. ಆ ಹಕ್ಕು ಇದ್ದೇ ಇದೆ. ಆದರೂ ಪಕ್ಕದ ಮನೆಯ ಕಾಕುವಿಗೆ (ಮರಾಠಿಯಲ್ಲಿ ಚಿಕ್ಕಮ್ಮ) ಮೊದಲೇ ಹೇಳಿದ್ದೆ, "ಅತ್ತರೆ, ಬೊಗಳಿದರೆ ನನಗೆ ಒಂದು ಫೋನ್ ಮಾಡಿ" ಅಂತ. ದೂರು ಬರುವ ಬದಲು ಸುದ್ದಿ ಬರತೊಡಗಿತು.

ಮನೆಯ ಒಂದು ಬೀಗದ ಕೈ ಕೂಡ ಕಾಕುವಿನ ಬಳಿ ಇದೆ, ಮಳೆಗಾಲಕ್ಕಾಗಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಲಕ್ಷಾಂತರ ಜನ ಮನೆ ತಲುಪಲಾಗದೆ ಆಫೀಸಿನಲ್ಲೂ ರಸ್ತೆಯಲ್ಲೂ ರಾತ್ರಿ ಕಳೆದರು. ಈಗಲೂ ಕುರ್ಲಾ–ಸಾಯನ್ ನಡುವೆ ಹಳಿ ಮೇಲೆ ನೀರು ನಿಂತರೆ ನಮ್ಮಂಥ ಸೆಂಟ್ರಲ್ ಲೈನಿನವರು ಅಲ್ಲಲ್ಲೇ ಸಿಕ್ಕಿಬೀಳುತ್ತೇವೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಹೊತ್ತಿನ ಊಟ ಅಳೆದು ಡಬ್ಬಿಯಲ್ಲಿ ಹಾಕಿಟ್ಟಿರುತ್ತೇವೆ, ಹಗ್ಗ ಬಾಗಿಲ ಹಿಂದೆಯೇ ನೇತಾಡುತ್ತಿರುತ್ತದೆ. ಕಾಕು ಚುಕ್ಕಿಯನ್ನು ತಮ್ಮ ಮನೆಗೇ ಕರೆದುಕೊಂಡು ಹೋಗುತ್ತಾರೆ. ಪಟಾಕಿಯ ದಿನಗಳಲ್ಲಿ ಮಾತ್ರ ಅವಳನ್ನು ಯಾರ ಮೇಲೂ ಬಿಡುವುದಿಲ್ಲ, ದೀಪಾವಳಿ ವಾರ ನಮ್ಮಿಬ್ಬರಲ್ಲಿ ಒಬ್ಬರು ರಜೆ ಹಾಕುತ್ತೇವೆ.