ವಂಶವೃಕ್ಷದ ಬದಲು ಒಂದು ಕೌದಿ

ಬೇಸಿಗೆ ರಜೆಯಲ್ಲಿ ಧಾರವಾಡದಲ್ಲಿ ಮಕ್ಕಳಿಗೆ ಚಿತ್ರಕಲೆ ಶಿಬಿರ ನಡೆಸುತ್ತೇನೆ. ಅದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ‘ನಮ್ಮ ಮನೆತನದ ಕೌದಿ’. ಕೌದಿ ಅಂದರೆ ಹಳೇ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆ, ನಾವು ಮಾಡುವುದು ಕಾಗದದ್ದು. ಒಂದು ದೊಡ್ಡ ಡ್ರಾಯಿಂಗ್ ಹಾಳೆ, ಅದರ ಮೇಲೆ ಅಂಗೈ ಅಗಲದ ಚೌಕಗಳು, ಒಂದೊಂದು ಚೌಕದಲ್ಲೂ ಮನೆಯ ಒಬ್ಬರ ಗುರುತು. 8ರಿಂದ 12 ವರ್ಷದ ಮಕ್ಕಳಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ವಂಶವೃಕ್ಷ ಯಾಕೆ ಬರೆಸುವುದಿಲ್ಲ ಅಂತ ಕೆಲವರು ಕೇಳುತ್ತಾರೆ. ನಮ್ಮಲ್ಲಿ ವಂಶವೃಕ್ಷ ಅಂದರೆ ಮುತ್ತಜ್ಜ, ಅಜ್ಜ, ಅಪ್ಪ, ಮಗ. ಹೆಣ್ಣುಮಕ್ಕಳ ಹೆಸರು ಅಲ್ಲಿ ಬರುವುದೇ ಕಡಿಮೆ. ಅಪ್ಪ ಜೊತೆಗಿಲ್ಲದ ಮಗುವಿನ ಮುಂದೆ ಒಂದು ಖಾಲಿ ಜಾಗ ಬಂದು ಕೂರುತ್ತದೆ. ಕೌದಿಯಲ್ಲಿ ಹಾಗಲ್ಲ. ಅಜ್ಜಿಯ ಇಳಕಲ್ ಸೀರೆ, ಅಜ್ಜನ ಧೋತರ, ಚಿಕ್ಕಮ್ಮನ ಲಂಗ ಎಲ್ಲದರ ತುಂಡೂ ಪಕ್ಕಪಕ್ಕ ಬರುತ್ತವೆ. ಸೋದರಮಾವನಿಗೆ ಜಾಗ ಇದೆ. ಸಣ್ಣವರಿದ್ದಾಗ ನೋಡಿಕೊಂಡ ಪಕ್ಕದ ಮನೆ ಆಯಿಗೂ ಜಾಗ ಇದೆ.

ಶುರು ಮಾಡುವುದು ಅಡುಗೆಮನೆಯಿಂದ. ಅಟ್ಟದ ಮೇಲಿನ ಹಳೇ ಹಿತ್ತಾಳೆ, ತಾಮ್ರ, ಸ್ಟೀಲ್ ಪಾತ್ರೆಗಳನ್ನು ಇಳಿಸಿ, ಹೆಸರು ಕೊರೆದಿದೆಯಾ ನೋಡಿ ಅಂತ ಹೇಳಿ ಕಳಿಸುತ್ತೇನೆ. ಯಾರು ಕೊಟ್ಟರು, ಯಾವ ಕಾರ್ಯಕ್ಕೆ, ಯಾವ ತಾರೀಖು ಅಂತ ಚುಕ್ಕಿ ಚುಕ್ಕಿಯಾಗಿ ಕೊರೆಸುವುದು ನಮ್ಮ ಕಡೆ ರೂಢಿ ಅಲ್ವಾ. ಆ ಅಕ್ಷರಗಳ ಮೇಲೆ ತೆಳು ಬಿಳಿ ಹಾಳೆ ಇಟ್ಟು, 6ಬಿ ಅನ್ನುವ ಮೆತ್ತನೆ ಕಪ್ಪು ಪೆನ್ಸಿಲನ್ನು ಮಲಗಿಸಿ ಮೆಲ್ಲಗೆ ಉಜ್ಜಬೇಕು. ಕೊಡದಂಥ ಗುಂಡನೆಯ ಪಾತ್ರೆಯಾದರೆ ಒಬ್ಬರು ಹಾಳೆ ಬಿಗಿಹಿಡಿಯಬೇಕು, ಇಲ್ಲದಿದ್ದರೆ ಅಕ್ಷರ ಎರಡೆರಡಾಗಿ ಮೂಡುತ್ತದೆ. ಕಪ್ಪು ಹಾಳೆಯಲ್ಲಿ ಬಿಳಿ ಅಕ್ಷರ ಎದ್ದು ಬರುವಾಗ ಮಕ್ಕಳ ಮುಖ ನೋಡಬೇಕು!

ಪಾತ್ರೆಗಳು ಹೆಚ್ಚಾಗಿ ಬಂದಿರುವುದು ತವರಿನಿಂದ. ಹಾಗಾಗಿ ಅವುಗಳಲ್ಲಿ ಹೆಂಗಸರ ಕಡೆಯ ಕಥೆ ಇರುತ್ತದೆ. ಒಬ್ಬ ಹುಡುಗಿ ಉಜ್ಜಿ ತಂದ ಹಾಳೆಯಲ್ಲಿ ಮನೆಯಲ್ಲಿ ಯಾರೂ ಕರೆಯದ ಒಂದು ಹೆಸರಿತ್ತು. ಅದು ಅವಳ ಅಜ್ಜಿಯದೇ ಹೆಸರು. ಮದುವೆಯಲ್ಲಿ ಅತ್ತೆಮನೆಯವರು ಹೆಸರು ಬದಲಿಸಿದ್ದರು. ಮದುವೆಗೆ ಮೊದಲೇ ತವರಿನವರು ಕೊರೆಸಿಟ್ಟ ಕೊಡದಲ್ಲಿ ಹಳೇ ಹೆಸರು ಹಾಗೇ ಉಳಿದಿತ್ತು. ಮೊಮ್ಮಗಳು ಆ ಹೆಸರು ಓದಿದಾಗ ಅಜ್ಜಿ, ‘ಯಾರವ್ವ ನಿನಗ ಹೇಳಿದವರು?’ ಅಂದರಂತೆ. ಆಮೇಲೆ ರಾತ್ರಿಯವರೆಗೂ ತವರಿನ ಮಾತೇ. ಮೊಮ್ಮಗಳು ಅಜ್ಜಿಗೆ ಎರಡು ಚೌಕ ಕೊಟ್ಟಳು, ಎರಡೂ ಹೆಸರಿಗೆ ಒಂದೊಂದು.

ಗುರುತು ಹುಡುಕುವ ಎರಡನೇ ದಾರಿ ಅಡ್ಡಹೆಸರು, ಅಂದರೆ ಮನೆತನದ ಹೆಸರು. ಉತ್ತರ ಕರ್ನಾಟಕದ ಅಡ್ಡಹೆಸರುಗಳು ಚಿತ್ರ ಬರೆಯಲು ಹೇಳಿ ಮಾಡಿಸಿದಂತಿವೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಹೂಗಾರ, ಬಡಿಗೇರ, ಹೊಸಮನಿ. ನಾಲಬಂದ ಅಂದರೆ ಕುದುರೆ, ಎತ್ತುಗಳಿಗೆ ಲಾಳ ಹೊಡೆಯುತ್ತಿದ್ದವರು. ನದಾಫ ಅಂದರೆ ಹತ್ತಿ ಹಿಂಜುತ್ತಿದ್ದವರು. ಲಾಳ ಬರೆ, ಹತ್ತಿ ಹಿಂಜುವ ಬಿಲ್ಲು ಬರೆ ಅಂದರೆ ಮಗು ಅಜ್ಜನ ಹತ್ತಿರ ಹೋಗಿ ಅದು ಹೇಗಿತ್ತು ಅಂತ ಕೇಳಲೇಬೇಕು. ನನಗೆ ಬೇಕಿರುವುದೂ ಅದೇ.

ಆದರೆ ಇಲ್ಲಿ ಜಾಸ್ತಿ ಎಚ್ಚರ ಬೇಕು. ಅಡ್ಡಹೆಸರಿನ ಹಿಂದೆಯೇ ಜಾತಿ ಬರುತ್ತದೆ. ಕೆಲವು ಕೆಲಸಗಳನ್ನು ಊರು ಕೀಳಾಗಿ ನೋಡಿದೆ, ಆ ನೋವು ಮನೆಗಳಲ್ಲಿ ಇನ್ನೂ ಇದೆ. ಅದಕ್ಕೇ ಅಡ್ಡಹೆಸರನ್ನು ಎಲ್ಲರ ಎದುರು ಕೇಳುವುದಿಲ್ಲ. ಬರೆಯುವುದು, ಬಿಡುವುದು ಮಗುವಿನ ಇಷ್ಟ. ಒಬ್ಬರ ಚೌಕ ನೋಡಿ ಇನ್ನೊಬ್ಬರು ಆಡಿಕೊಳ್ಳುವಂತಿಲ್ಲ ಅಂತ ಮೊದಲ ದಿನವೇ ಹೇಳಿರುತ್ತೇನೆ. ಜಾತಿ ಕೇಳುವ ದೊಡ್ಡವರು ಬಂದರೆ ನಾನೇ ಮಾತು ನಿಲ್ಲಿಸುತ್ತೇನೆ. ನಾವು ನೋಡುತ್ತಿರುವುದು ಕೈಕೆಲಸವನ್ನು, ಅದರ ಹತ್ಯಾರಗಳನ್ನು.

ಊರು ಬಿಟ್ಟು ಬಂದ ಕುಟುಂಬಗಳೂ ಇವೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರಿನ ಕಡೆಯ ಹುಡುಗನೊಬ್ಬ ಬಾಗಿಲ ಚೌಕಟ್ಟಿನ ಕೆತ್ತನೆ ಉಜ್ಜಿ ತಂದ. ಹಳೇ ಮನೆಯಿಂದ ಅವರ ಅಜ್ಜ ಕಿತ್ತು ತಂದಿದ್ದ ಚೌಕಟ್ಟು ಅದು. ಊರೇ ಇಲ್ಲದವನಿಗೆ ಆ ಕೆತ್ತನೆಯ ಹೂವೇ ಊರಿನ ಗುರುತಾಯಿತು.

ಗುರುತು ಬರೆಯಲು ಕಸೂತಿಯ ನೆರವು ತೆಗೆದುಕೊಳ್ಳುತ್ತೇನೆ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸ, ಆದ್ದರಿಂದ ಗಣಿತದ ಚೌಕಳಿ ಹಾಳೆ ಇದಕ್ಕೆ ಸರಿಹೋಗುತ್ತದೆ. ಗವಂತಿ ಅನ್ನುವ ಕಸೂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಚೌಕ ಬಿಟ್ಟು ಒಂದು ಚೌಕ ಹೊಲಿಯುತ್ತಾರೆ, ಬರುವಾಗ ಬಿಟ್ಟದ್ದನ್ನು ತುಂಬುತ್ತಾರೆ. ಗಂಟಿಲ್ಲ, ಹಿಂದೆ ಮುಂದೆ ಎರಡೂ ಕಡೆ ಒಂದೇ ರೂಪ. ಪೆನ್ಸಿಲಿನಲ್ಲೂ ಹಾಗೇ ಹೋಗಿ ಬರಲು ಕಲಿಸುತ್ತೇನೆ. ಎಲ್ಲವೂ ನೇರ ಗೆರೆ, ಓರೆ ಗೆರೆ. ‘ನನಗ ಚಿತ್ರ ಬರೂದಿಲ್ರಿ’ ಅನ್ನುವ ಮಗುವಿಗೂ ಇದು ಬರುತ್ತದೆ. ಗೋಪುರ, ತೇರು, ತೊಟ್ಟಿಲು, ತುಳಸಿಕಟ್ಟೆ ಮೊದಲಿಂದ ಇರುವ ಚಿತ್ರಗಳು. ಡ್ರೈವರ್ ಅಪ್ಪನ ಬಸ್ಸು, ಅವ್ವನ ಹೊಲಿಗೆ ಮಷೀನು ಮಕ್ಕಳು ಸೇರಿಸಿದ್ದು. ‘ಟೀಚರ್, ಬಸ್ ಕಸೂತ್ಯಾಗ ಇಲ್ಲಲ್ರಿ’ ಅಂದ ಒಬ್ಬ. ‘ನೀ ಹಾಕಿದ್ರ ಇರ್ತದ’ ಅಂದೆ.

ಚೌಕಗಳನ್ನು ಜೋಡಿಸುವುದನ್ನು ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿಯಿಂದ ಕಲಿತೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಅವರು ಅಂಚಿನಿಂದ ಶುರುಮಾಡಿ, ಸುತ್ತು ಬರುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ‘ಫುಲಾ’ ಅನ್ನುವ ತುಂಡು ಇಡುತ್ತಾರೆ, ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅನ್ನುವ ಭಾವನೆ ಅವರದು. ನಮ್ಮ ಹಾಳೆಯಲ್ಲೂ ಅಂಚಿಗೆ ಎಲ್ಲರಿಗಿಂತ ಹಿರಿಯರು, ಆಮೇಲೆ ಉಳಿದವರು, ಕೊನೆಗೆ ನಡುವೆ ಮಗು. ತನ್ನ ಗುರುತು ಏನು ಅಂತ ಯೋಚಿಸುವ ಹೊತ್ತಿಗೆ ಸುತ್ತಲೂ ಮನೆಯವರು ತುಂಬಿರುತ್ತಾರೆ. ಮೊದಲ ದಿನವೇ ‘ನಿನ್ನ ಗುರುತು ಬರೆ’ ಅಂದರೆ ಬರೀ ಕ್ರಿಕೆಟ್ ಬ್ಯಾಟು, ಕಾರ್ಟೂನು ಬರುತ್ತವೆ. ಕೊನೆಗೆ ಕೇಳಿದರೆ ಉತ್ತರ ಬೇರೆ.

ಹಳ್ಳಿಯಲ್ಲಿ ಮನೆ ಇರುವ ಮಕ್ಕಳಿಗೆ ‘ನಿಮ್ಮ ಮನೆಗೆ ಹೆಳವರು ಬರುತ್ತಾರಾ ಕೇಳಿ’ ಅನ್ನುತ್ತೇನೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು, ಮನೆತನದ ತಲೆಮಾರುಗಳನ್ನು, ಮೂಲ ಊರನ್ನು ಹೇಳುವವರು ಅವರು. ಹಿಂದೆ ತಾಳೆಗರಿ, ತಾಮ್ರಪಟಗಳಲ್ಲಿ ಇಟ್ಟಿದ್ದನ್ನು ಈಗ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿರುತ್ತಾರೆ, ಹೊಸದಾಗಿ ಹುಟ್ಟಿದವರ ಹೆಸರನ್ನೂ ಸೇರಿಸುತ್ತಾರೆ. ಅವರ ಹಾಗೆ ನಾವೂ ಬರೆದಿಡುತ್ತೇವೆ. ಪ್ರತಿ ಚೌಕದ ಹಿಂದೆ ಇದು ಯಾರ ಗುರುತು, ಕಥೆ ಹೇಳಿದವರು ಯಾರು, ಯಾವ ತಾರೀಖು ಅಂತ ಮಗು ತನ್ನ ಕೈಯಾರೆ ಬರೆಯಬೇಕು. ಅದಕ್ಕೇ ಗೋಂದು ಹಚ್ಚುವುದು ಚೌಕದ ಮೇಲಂಚಿಗೆ ಮಾತ್ರ. ಯಾರು ಬೇಕಾದರೂ ಎತ್ತಿ ಓದಬಹುದು, ಹೊಸ ವಿಷಯ ಗೊತ್ತಾದರೆ ಕೆಳಗೆ ಸೇರಿಸಬಹುದು.